ಸಾಕು ಎನ್ನಲಾಗದ ತಿಂಗಳು

ಹೋದ ವಾರ ತರೀಕೆರೆಯಲ್ಲಿ ಒಂದು ಗೃಹಪ್ರವೇಶದ ಊಟಕ್ಕೆ ಕೂತಿದ್ದೆ. ಬಡಿಸುವವನು ಪಾಯಸದ ಬಕೆಟ್ಟು ಹಿಡಿದು ಎರಡನೆಯ ಸಲ ಬಂದಾಗ ನಾನು ಎರಡೂ ಕೈಗಳನ್ನು ಎಲೆಯ ಮೇಲೆ ಚಾಚಿ, ಕಣ್ಣು ಅಗಲಿಸಿ, ತಲೆಯನ್ನು ಜೋರಾಗಿ ಆಡಿಸಿದೆ. ಆತ ಗಾಬರಿಯಾಗಿ ಅರ್ಧ ಹೆಜ್ಜೆ ಹಿಂದೆ ಸರಿದ.

"ಯಾಕಮ್ಮ, ಮೌನವ್ರತ ಏನಾದ್ರೂ ಹಿಡ್ದಿದ್ದೀರಾ?"

ಪಕ್ಕದಲ್ಲಿ ಕೂತಿದ್ದ ನನ್ನ ಅಕ್ಕ, "ಇಲ್ಲಪ್ಪ, ಮಾತಾಡೋದೇ ಅವ್ಳ ಕೆಲ್ಸ. ಊಟಕ್ ಕೂತಾಗ ರಜ" ಎಂದಳು.

ಸಾಕು ಎಂಬ ಎರಡಕ್ಷರದ ಪದ ನನ್ನ ಬಾಯಲ್ಲಿ ಈಗ ಸರಾಗವಾಗಿಯೇ ಬರುತ್ತದೆ. ಆದರೂ ಬಡಿಸುವ ಸೌಟು ಹತ್ತಿರ ಬಂತೆಂದರೆ ಕೈ ತಾನಾಗಿ ಮುಂದೆ ಹೋಗುತ್ತದೆ. ಈ ಅಭ್ಯಾಸ ಅಂಟಿಕೊಂಡದ್ದು ಹೇಗೆಂದು ಹೇಳಬೇಕಾದರೆ ಮೊದಲು ನನ್ನ ಕೆಲಸದ ವಿಷಯ ಹೇಳಬೇಕು.

ನಾನು ಕಡೂರಿನಲ್ಲಿ ಒಂದು ಮನೆಯ ಮಹಡಿಯ ಮೇಲೆ ಬಾಡಿಗೆಗೆ ಇದ್ದೇನೆ, ಒಬ್ಬಳೇ. ಕೆಲಸ, ದನಿ ಮಾರುವುದು. ಹೀಗೆಂದರೆ ಯಾರಿಗೂ ಅರ್ಥವಾಗುವುದಿಲ್ಲವಾದ್ದರಿಂದ ಬಿಡಿಸಿ ಹೇಳುತ್ತೇನೆ. ಕಥೆ ಕಾದಂಬರಿಗಳನ್ನು ಗಟ್ಟಿಯಾಗಿ ಓದಿ, ರೆಕಾರ್ಡ್ ಮಾಡಿ ಒಂದು ಕಂಪನಿಗೆ ಕಳಿಸುತ್ತೇನೆ. ಜನ ಅದನ್ನು ಒಗ್ಗರಣೆ ಹಾಕುತ್ತಲೋ ಬಸ್ಸಿನಲ್ಲಿ ತೂಕಡಿಸುತ್ತಲೋ ಮೊಬೈಲಿನಲ್ಲಿ ಕೇಳುತ್ತಾರೆ. ನೀವು ಯಾವುದೋ ಕಚೇರಿಗೆ ಫೋನ್ ಮಾಡಿದಾಗ "ದಯವಿಟ್ಟು ಕಾಯಿರಿ" ಎಂದು ಒಬ್ಬ ಹೆಂಗಸು ಮತ್ತೆ ಮತ್ತೆ ಹೇಳುತ್ತಾಳಲ್ಲ, ನೀವು ಹಲ್ಲು ಕಡಿಯುತ್ತೀರಲ್ಲ, ಅಂಥ ಹೆಂಗಸರಲ್ಲಿ ನಾನೂ ಒಬ್ಬಳು. ಮೊದಲು ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಅಲ್ಲಿ ನನ್ನ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ಕೇಳುವವರು ಯಾರೆಂದು ನನಗೆ ಕಾಣುವುದಿಲ್ಲ. ಇದು ಎಷ್ಟೋ ವಾಸಿ ಅನ್ನಿಸಿ ಶಾಲೆ ಬಿಟ್ಟೆ.

ಮನೆಯಲ್ಲೇ ಕೆಲಸ ಎಂದ ಕೂಡಲೇ ಎಲ್ಲರೂ ಹೊಟ್ಟೆಕಿಚ್ಚುಪಡುವುದು ಒಂದೇ ಕಾರಣಕ್ಕೆ: ಬೇಕಾದಾಗ ಬೇಕಾದ್ದು ತಿನ್ನಬಹುದು. ಅದು ನಿಜವೂ ಹೌದು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಬೆಳಗಿನ ರಾಗಿರೊಟ್ಟಿಯ ಅಂಚನ್ನು ಮುರಿದು ಚಟ್ನಿಪುಡಿ ಬೆಣ್ಣೆಗೆ ಒತ್ತಿ ತಿನ್ನುವ ಸುಖ ಕಚೇರಿಗೆ ಹೋಗುವವರಿಗೆ ಸಿಕ್ಕದು. ಒಣಕೊಬ್ಬರಿಯ ಚೂರಿಗೆ ಬೆಲ್ಲ ಸೇರಿಸಿ ಕಡಿಯುವುದಕ್ಕೆ ಯಾವ ತಯಾರಿಯೂ ಬೇಡ, ಕಡೂರಿನಲ್ಲಿದ್ದು ಕೊಬ್ಬರಿಗೆ ಬರವೂ ಇಲ್ಲ. ಯಾರೂ ನೋಡದ ಊಟಕ್ಕೆ ತಟ್ಟೆ ಕೂಡ ಬೇಕಾಗುವುದಿಲ್ಲ. ಬಾಣಲೆಯಲ್ಲೇ ಅವಲಕ್ಕಿ, ಬಾಣಲೆಯಲ್ಲೇ ಮೊಸರು. ತೊಳೆಯುವ ಪಾತ್ರೆ ಒಂದು ಕಡಿಮೆ.

ಆದರೆ ನನ್ನ ಕೆಲಸದಲ್ಲಿ ಮೈಕು ಎಂಬ ಒಬ್ಬ ಅತ್ತೆ ಇದ್ದಾಳೆ. ಅವಳಿಗೆ ಕೇಳಿಸದ ಸದ್ದಿಲ್ಲ. ಕಾಫಿ ಕುಡಿದು ಓದಿದರೆ ಬಾಯಿ ಅಂಟಂಟಾಗಿ ಪ್ರತಿ ಪದಕ್ಕೂ ಚಿಟ್ ಚಿಟ್ ಎನ್ನುತ್ತದೆ. ಕಡಲೆಕಾಯಿ ತಿಂದರೆ ಗಂಟಲಲ್ಲಿ ಕೂತ ಚೂರು ಸರಿಯಾಗಿ ಪ್ರೇಮನಿವೇದನೆಯ ಹೊತ್ತಿಗೆ ಕೆಮ್ಮು ತರಿಸುತ್ತದೆ. ಸರಿ, ಏನೂ ತಿನ್ನುವುದಿಲ್ಲ ಎಂದು ಕೂತರೆ ಹೊಟ್ಟೆಯೇ ಮಾತಾಡತೊಡಗುತ್ತದೆ. ಕೈ ಚಾಚುವ ಅಭ್ಯಾಸ ಅಂಟಿಕೊಂಡ ವರ್ಷ ನಾನು ಓದುತ್ತಿದ್ದದ್ದು ದಪ್ಪನೆಯ ಒಂದು ಕಾದಂಬರಿ. ಗುಡ್ಡದ ಮೇಲಿನ ಅದಿರಿನ ಗಣಿಯಲ್ಲಿ ಕೂಲಿಗಳಿಗೆ ಊಟ ಹಾಕಿ ಬದುಕುವ ಹೆಂಗಸೊಬ್ಬಳ ಕಥೆ. ಅವಳ ಗಂಡ ಒಂದು ದಿನ ಗುಡ್ಡ ಇಳಿದು ಹೋದವನು ತಿರುಗಿ ಬಂದಿರುವುದಿಲ್ಲ. ಪುಟಪುಟಕ್ಕೂ ಅವಳು ಒಲೆ ಹೊತ್ತಿಸುವುದು, ಸಾರು ಕುದಿಸುವುದು, ಮುದ್ದೆ ತೊಳಸುವುದು. ಅದನ್ನು ಖಾಲಿ ಹೊಟ್ಟೆಯಲ್ಲಿ ಓದುವುದು ಶಿಕ್ಷೆಯೇ. ರೆಕಾರ್ಡಿಂಗ್ ಕೇಳಿದ ಕಂಪನಿಯ ಹುಡುಗಿ ಒಮ್ಮೆ ಮೆಸೇಜು ಮಾಡಿದ್ದಳು: "ಮೇಡಂ, ಏಳನೇ ಅಧ್ಯಾಯದಲ್ಲಿ ಗುಡುಗು ಕೇಳಿಸ್ತಿದೆ. ನಿಮ್ಮ ಕಡೆ ಮಳೆಯಾ?" ಹೌದು, ಜೋರು ಮಳೆ ಎಂದು ಉತ್ತರ ಕೊಟ್ಟೆ.

ಹುಳಿಯಿರುವ ಹಸಿರು ಸೇಬು ತಿಂದರೆ ಬಾಯಿಯ ಅಂಟು ಹೋಗುತ್ತದೆಂದು ಈ ಕಸುಬಿನವರು ಹೇಳುತ್ತಾರೆ. ಕಡೂರು ಬಸ್ ಸ್ಟ್ಯಾಂಡಿನ ಹತ್ತಿರದ ಹಣ್ಣಿನವನನ್ನು ಕೇಳಿದಾಗ ಅವನು ನನ್ನ ಮೇಲೆ ಕರುಣೆ ತೋರಿಸಿದ. "ಹಣ್ಣಾಗಿರೋದೇ ಐತಲ್ಲಮ್ಮ, ಕಾಯಿ ಯಾಕೆ?" ಎಂದು ಕೆಂಪು ಸೇಬು ತೂಗಿಕೊಟ್ಟ. ಕೊನೆಗೆ ಅರ್ಧ ಮಾಗಿದ ದೋರೆ ಸೀಬೆಕಾಯಿಯೇ ಆ ಕೆಲಸ ಮಾಡುತ್ತದೆಂದು ನಾನೇ ಕಂಡುಕೊಂಡೆ. ಬೀಜ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಅಷ್ಟೇ.

ಮನೆಯ ಕೆಳಭಾಗದಲ್ಲಿ ಶಮೀಮ್ ಇದ್ದಳು. ಈಗಲೂ ಇದ್ದಾಳೆ. ಸಿಂಗಟಗೆರೆ ಕಡೆಯವಳು, ಮದುವೆಯಾಗಿ ಕಡೂರಿಗೆ ಬಂದವಳು. ಗಂಡ ತೆಂಗಿನಕಾಯಿ ಲಾರಿ ಓಡಿಸುತ್ತಾನೆ, ಹೋದರೆ ಬರುವುದು ಯಾವಾಗೆಂದು ಅವನಿಗೂ ಗೊತ್ತಿರುವುದಿಲ್ಲ. ಶಮೀಮ್ ಕಿಟಕಿಯ ಪಕ್ಕ ಮಿಷನ್ನು ಹಾಕಿಕೊಂಡು ಬ್ಲೌಸು, ಚೂಡಿದಾರ ಹೊಲಿಯುತ್ತಾಳೆ. ನಾನು ಬಾಡಿಗೆಗೆ ಬಂದ ಹೊಸದರಲ್ಲಿ ಗೋಡೆಗೆಲ್ಲ ಹಳೆಯ ರಜಾಯಿ ಹೊಡೆದು, ಫ್ಯಾನು ಆರಿಸಿ, ಬೆವರುತ್ತ ಓದಲು ಕೂತರೆ ಕೆಳಗಿನಿಂದ ಟಕಟಕಟಕ ಶುರುವಾಗುತ್ತಿತ್ತು. ಎರಡು ದಿನ ತಡೆದುಕೊಂಡು ಆಮೇಲೆ ಇಳಿದು ಹೋಗಿ ಹೇಳಿದೆ.

"ನಿಮ್ದು ಕೆಲ್ಸ, ನಮ್ದು ಕೆಲ್ಸ ಅಲ್ವಾ ಅಕ್ಕ?" ಎಂದಳು ಅವಳು, ಜಗಳದ ದನಿಯಲ್ಲೇನೂ ಅಲ್ಲ. "ಮಿಷನ್ಗೆ ಪಿಸುಪಿಸು ಅಂತ ಹೊಲಿ ಅಂತ ಹೇಳಕ್ಕಾಗಲ್ಲ. ನೀವ್ ಯಾವಾಗ ಊಟ ಮಾಡ್ತೀರಾ?"

ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳ ಉಪಾಯ ಸರಳವಾಗಿತ್ತು. ನಾನು ತಿನ್ನುವಾಗ ಅವಳು ಹೊಲಿಯುವುದು, ಅವಳು ತಿನ್ನುವಾಗ ನಾನು ಓದುವುದು. ಹಾಗಾಗಿ ನನ್ನ ತಿಂಡಿ ಊಟಗಳಿಗೆಲ್ಲ ಹೊಲಿಗೆಯ ಹಿನ್ನೆಲೆ ಸಂಗೀತ ಬಂತು. ಮಧ್ಯಾಹ್ನದ ಮೇಲೆ ಮಿಷನ್ನು ನಿಲ್ಲುತ್ತಿತ್ತು, ನಾನು ಓದುತ್ತಿದ್ದೆ. ಅವಳ ಊಟ ಮಾತ್ರ ಬಹಳ ನಿಧಾನದ್ದು ಎಂದು ನನಗೆ ಆಶ್ಚರ್ಯವಾಗುತ್ತಿತ್ತು. ಆ ಮೌನದಲ್ಲಿ ಒಂದು ಅಧ್ಯಾಯ ಪೂರ್ತಿ ಮುಗಿಯುತ್ತಿತ್ತು.

ಕಾದಂಬರಿ ಮುಕ್ಕಾಲು ದಾಟಿದ್ದಾಗ ಗಂಟಲು ಕೆಟ್ಟಿತು. ಮೊದಲು ಸಂಜೆಯ ಹೊತ್ತಿಗೆ ದನಿ ಒಡೆಯುತ್ತಿತ್ತು. ಮೆಣಸಿನ ಕಷಾಯ ಕುಡಿದೆ. ಆಮೇಲೆ ಬೆಳಿಗ್ಗೆಯೇ ಒಡೆಯತೊಡಗಿತು. ಶುಂಠಿ, ಜೇನು, ಉಪ್ಪುನೀರು, ಹೇಳಿದವರೆಲ್ಲರ ಔಷಧವನ್ನೂ ಮಾಡಿದೆ. ಗಣಿಯ ಹೆಂಗಸು ಗಂಡನನ್ನು ಹುಡುಕಲು ಬಸ್ಸು ಹತ್ತುವ ವಾಕ್ಯದ ಮಧ್ಯದಲ್ಲಿ ಒಂದು ಮಧ್ಯಾಹ್ನ ದನಿ ಪೂರ್ತಿ ನಿಂತುಹೋಯಿತು. ಬಾಯಿ ಆಡುತ್ತಿತ್ತು, ಗಾಳಿ ಹೊರಡುತ್ತಿತ್ತು, ಮಾತು ಇಲ್ಲ. ನಾನು ಮೈಕಿನ ಮುಂದೆ ಮೀನಿನ ಹಾಗೆ ಕೂತಿದ್ದೆ.

ಅಕ್ಕ ತರೀಕೆರೆಯಿಂದ ಬಂದು ಶಿವಮೊಗ್ಗದ ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ದನಿಯ ತಂತುಗಳ ಮೇಲೆ ಗಂಟು ಎದ್ದಿದೆ ಎಂದರು. "ಒಂದು ತಿಂಗಳು ಒಂದು ಮಾತೂ ಆಡ್ಬಾರ್ದು. ಪಿಸುಮಾತಂತೂ ಇನ್ನೂ ಕೆಟ್ಟದ್ದು. ಸರಿ ಹೋಗದಿದ್ರೆ ಆಪರೇಷನ್ನು. ಆಮೇಲೆ ದನಿ ಮೊದಲಿನ ಥರಾನೇ ಇರುತ್ತೆ ಅಂತ ಯಾರೂ ಹೇಳಕ್ಕಾಗಲ್ಲ."

ವಾಪಸು ಬರುವಾಗ ರೈಲಿನಲ್ಲಿ ಅಕ್ಕ ಚುರುಮುರಿ ಕೊಡಿಸಿದಳು. ನಾನು ಕಿಟಕಿಯ ಹೊರಗೆ ನೋಡುತ್ತ ತಿಂದೆ. ಹೆದರಿಕೆ ಆಗಿತ್ತೇ ಎಂದರೆ ಆಗಿತ್ತು. ದನಿ ಬೇಡದ ಬೇರೆ ಕೆಲಸ ನನಗೆ ಬರುತ್ತಿರಲಿಲ್ಲ. ಆದರೆ ಹೆದರಿಕೆಯನ್ನು ಬಾಯಿಬಿಟ್ಟು ಹೇಳಲಾಗದಿದ್ದಾಗ ಅದು ಹೆಚ್ಚೇನೂ ಬೆಳೆಯುವುದಿಲ್ಲ, ಇದ್ದಷ್ಟೇ ಇರುತ್ತದೆ. ಚುರುಮುರಿಯಲ್ಲಿ ಈರುಳ್ಳಿ ಜಾಸ್ತಿಯಾಗಿತ್ತು.

ಕಂಪನಿಯವರು ಎರಡು ವಾರ ಕಾದರು. ಆಮೇಲೆ "ತೊಂದರೆಯಿಲ್ಲ ಮೇಡಂ, ಬೇರೆಯವರ ಹತ್ತಿರ ಮೊದಲಿನಿಂದ ಓದಿಸುತ್ತೇವೆ. ಬೇಗ ಗುಣವಾಗಿ" ಎಂಬ ಮೆಸೇಜು ಬಂತು, ಜೊತೆಗೆ ಒಂದು ಹೂವಿನ ಚಿತ್ರ. ನಾನು ಓದಿದ್ದ ಮುಕ್ಕಾಲು ಕಾದಂಬರಿ ಹಾಗೇ ಹೋಯಿತು. ಆ ದಿನ ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದೆ.

ಮಾತಾಡದವರ ಊಟದ ಕಷ್ಟ ನಿಮಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಬಡಿಸುವವರ ಕೈಗೆ ಬ್ರೇಕು ಎಂದರೆ ಉಣ್ಣುವವರ ನಾಲಿಗೆ. ಸಾಕು, ಸಾಕು, ಬೇಡ್ವೇ ಬೇಡ, ಅರ್ಧ ಹಾಕಿ, ಇಷ್ಟೆಲ್ಲ ಹೇಳಿದ ಮೇಲೂ ಒಂದು ಸೌಟು ಬಿದ್ದೇ ಬೀಳುತ್ತದೆ. ಏನೂ ಹೇಳದವಳಿಗೆ ಎಷ್ಟು ಬೀಳಬಹುದು, ನೀವೇ ಊಹಿಸಿ. ಹೋಟೆಲಿನಲ್ಲಿ ಒಂದು ಇಡ್ಲಿಗೆ ಬೆರಳು ತೋರಿಸಿದರೆ ಒಂದು ಪ್ಲೇಟು ಬರುತ್ತಿತ್ತು. ಪರಿಚಯದವರ ಮನೆಯಲ್ಲಿ ಕೈ ಅಡ್ಡ ಹಿಡಿದರೆ "ಪಾಪ, ಸಂಕೋಚ" ಎಂದು ಇನ್ನೂ ಹಾಕುತ್ತಿದ್ದರು. ಮಾತು ಬಾರದವಳಿಗೆ ಕಿವಿಯೂ ಕೇಳಿಸದು ಎಂದು ತಿಳಿದು ಅಂಗಡಿಯವನು ಕೂಗಿ ಕೂಗಿ ಹೇಳುತ್ತಿದ್ದ. ಆ ತಿಂಗಳು ನಾನು ದಪ್ಪಗಾದೆ.

ಮೌನವಾಗಿ ಉಣ್ಣುವುದು ನನಗೆ ಹೊಸದೇನೂ ಅಲ್ಲ. ಅಪ್ಪ ಅಜ್ಜಂಪುರದ ರೈಲ್ವೆ ಸ್ಟೇಷನ್ನಿನ ಗೂಡ್ಸ್ ವಿಭಾಗದಲ್ಲಿದ್ದರು. ಊಟಕ್ಕೆ ಕೂತಾಗ ಯಾರೂ ಮಾತಾಡಕೂಡದು ಎಂಬುದು ಅವರ ಕಾನೂನು. ಬಹುಶಃ ಇಡೀ ದಿನ ಈರುಳ್ಳಿ ಮೂಟೆಯವರ ಜೊತೆ ಕೂಗಾಡಿ ಸಾಕಾಗಿರುತ್ತಿತ್ತೇನೋ. ನಾನು ಅಕ್ಕ ಎದುರುಬದುರು ಕೂತು ಬೆರಳಿನ ಭಾಷೆ ಮಾಡಿಕೊಂಡಿದ್ದೆವು. ಕಿರುಬೆರಳು ಎತ್ತಿದರೆ ಉಪ್ಪಿನಕಾಯಿ. ಮೂಗು ಮುಟ್ಟಿದರೆ ಪಲ್ಯ ಚೆನ್ನಾಗಿಲ್ಲ. ಕಿವಿ ಎಳೆದರೆ ನಿನ್ನ ಹಪ್ಪಳ ನನಗೆ ಕೊಡು. ಅಪ್ಪನಿಗೆ ಎಲ್ಲವೂ ಕಾಣಿಸುತ್ತಿತ್ತೆಂದು ಈಗ ಅನ್ನಿಸುತ್ತದೆ. ಕಾನೂನು ಬಾಯಿಗೆ ಮಾತ್ರ ಎಂದು ಸುಮ್ಮನಿದ್ದರೋ ಏನೋ. ಆ ತಿಂಗಳು ಅಕ್ಕ ಕೋಡುಬಳೆ ಡಬ್ಬಿ ಹಿಡಿದು ನೋಡಲು ಬಂದಾಗ ಒಟ್ಟಿಗೆ ಉಣ್ಣಲು ಕೂತೆವು. ನಾನು ಕಿವಿ ಎಳೆದೆ. ಅಕ್ಕ ತನ್ನ ತಟ್ಟೆಯ ಹಪ್ಪಳ ಎತ್ತಿ ನನ್ನ ತಟ್ಟೆಗಿಟ್ಟಳು. "ನಲವತ್ತು ದಾಟಿದ್ರೂ ಬುದ್ಧಿ ಬರ್ಲಿಲ್ಲ ಕಣೇ ನಿಂಗೆ" ಎಂದಳು.

ಶಮೀಮಳಿಗೆ ನನ್ನ ಮೌನ ತಿಳಿದದ್ದು ನಾನು ಹೇಳಿದ್ದರಿಂದಲ್ಲ, ಹೇಳದೆ ಇದ್ದದ್ದರಿಂದ. ಮಹಡಿಯಿಂದ ಓದು ಕೇಳಿಸದೆ ಮೂರು ದಿನವಾದ ಮೇಲೆ ಮೆಟ್ಟಿಲು ಹತ್ತಿ ಬಂದಳು. ನಾನು ಮೊಬೈಲಿನಲ್ಲಿ ಬರೆದು ತೋರಿಸಿದೆ. ಅವಳು ಅಕ್ಷರ ಅಕ್ಷರ ಕೂಡಿಸಿ ಓದಿಕೊಂಡು ಹೋದಳು, ಮಧ್ಯಾಹ್ನ ಮುಚ್ಚಿದ ಪಾತ್ರೆಯೊಂದನ್ನು ತಂದಳು.

"ಹರೀರಾ. ರವೆ, ಹಾಲು, ಬಾದಾಮಿ, ಗಸಗಸೆ, ಏಲಕ್ಕಿ ಅಷ್ಟೇ ಹಾಕಿರದು. ಬಾಣಂತೀರಿಗೆ ಕೊಡ್ತೀವಿ. ಗಂಟ್ಲಿಗೂ ಮೆತ್ತಗೆ ಇಳೀತದೆ. ಪಾತ್ರೆ ಹೊಸದು ಅಕ್ಕ, ನಿಮ್ಗೇ ಅಂತ ಇಟ್ಟಿದೀನಿ. ಇದ್ರಲ್ಲಿ ಬೇರೆ ಏನೂ ಮಾಡಲ್ಲ."

ನಮ್ಮ ಮನೆಯಲ್ಲಿ ಮೊಟ್ಟೆ ಮಾಂಸ ಬಳಸುವುದಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ಆ ಮಾತಿಗೆ ಏನಾದರೂ ಹೇಳಬೇಕಿತ್ತು. ಹೇಳಲಾಗದ್ದರಿಂದ ಒಂದು ಲೋಟ ಕುಡಿದೆ, ಅವಳು ಇನ್ನೊಂದು ಸುರಿದಳು, ಅದನ್ನೂ ಕುಡಿದೆ. ಏಲಕ್ಕಿಯ ಪರಿಮಳದ ಬಿಸಿ, ಗಂಟಲಿನ ಗೋಡೆಗೆ ಯಾರೋ ಒಳಗಿನಿಂದ ಸುಣ್ಣ ಬಳಿದಂತೆ ನುಣ್ಣಗೆ ಇಳಿಯಿತು.

ಆಮೇಲೆ ದಿನವೂ ಮಧ್ಯಾಹ್ನ ನಾವು ಒಟ್ಟಿಗೆ ಉಣ್ಣತೊಡಗಿದೆವು. ನಾನು ಸಾರು ಅನ್ನ ತೆಗೆದುಕೊಂಡು ಕೆಳಗಿಳಿಯುತ್ತಿದ್ದೆ, ಅವಳು ಏನಾದರೂ ಮೆತ್ತಗಿನದು ಮಾಡಿರುತ್ತಿದ್ದಳು. ಅವಳು ಮಾತಾಡುತ್ತಿದ್ದಳು, ನಾನು ತಿನ್ನುತ್ತಿದ್ದೆ. ಯಾರು ಬ್ಲೌಸಿನ ಅಳತೆ ತಪ್ಪು ಕೊಟ್ಟು ತನ್ನನ್ನು ಬೈದರು, ಯಾರ ಮಗಳು ಮದುವೆಗೆ ಎಂಥ ಕಸೂತಿ ಕೇಳಿದಳು. ಅಡ್ಡಬಾಯಿ ಹಾಕದವರ ಮುಂದೆ ಮಾತು ತಾನೇ ದಾರಿ ಹುಡುಕಿಕೊಳ್ಳುತ್ತದೆ. ಒಂದು ದಿನ ಹುಳಿ ಹಾಕದ ಸೋರೆಕಾಯಿ ಬೇಳೆಯ ದಾಲ್ಚಾ ಬಡಿಸುತ್ತ ಕೇಳಿದಳು:

"ಅಕ್ಕ, ಆ ಹೆಂಗ್ಸು ಬಸ್ ಹತ್ತಿದ್ಲಲ್ಲ. ಆಮೇಲ್ ಏನಾಯ್ತು?"

ಯಾವ ಹೆಂಗಸು ಎಂದು ನಾನು ಹುಬ್ಬೇರಿಸಿದೆ.

"ಅದೇ, ಗಣಿ ಅಡ್ಗೆಯೋಳು. ಗಂಡ ಸಿಗ್ತಾನಾ?"

ಅವಳ ಊಟ ಅಷ್ಟು ನಿಧಾನ ಏಕೆಂಬುದು ಆಗ ತಿಳಿಯಿತು. ಊಟ ಮುಗಿದು ಎಷ್ಟೋ ಹೊತ್ತಾದರೂ ಅವಳು ಮಿಷನ್ನು ಮುಟ್ಟದೆ, ಕಿಟಕಿಯ ಕೆಳಗೆ ಗುಂಡಿ ಹೊಲಿಯುತ್ತಲೋ ಕೈಹೊಲಿಗೆ ಹಾಕುತ್ತಲೋ ಕೇಳುತ್ತ ಕೂತಿರುತ್ತಿದ್ದಳು. ಗೋಡೆಯ ರಜಾಯಿಗಳು ಕೆಳಗಿನ ಮಿಷನ್ನಿನ ಸದ್ದನ್ನೂ ತಡೆದಿರಲಿಲ್ಲ, ನನ್ನ ದನಿ ಇಳಿದು ಹೋಗುವುದನ್ನೂ ತಡೆದಿರಲಿಲ್ಲ. ನನ್ನ ದನಿ ಕೇಳುವ ಒಬ್ಬರ ಮುಖವನ್ನು ನಾನು ನೋಡಿದ್ದು ಅದೇ ಮೊದಲು.

ಮುಂದಿನದನ್ನು ಎರಡು ಸಾಲಿನಲ್ಲಿ ಬರೆದು ತೋರಿಸಬಹುದಿತ್ತು. ಪೂರ್ತಿ ಓದಿಕೊಂಡೇ ನಾನು ರೆಕಾರ್ಡಿಂಗಿಗೆ ಕೂರುವವಳು, ಕೊನೆ ನನಗೆ ಗೊತ್ತಿತ್ತು. ಆದರೆ ಊಟವನ್ನು ಮಾತ್ರೆ ಮಾಡಿ ಕೊಟ್ಟ ಹಾಗಾಗುತ್ತದೆ ಅನ್ನಿಸಿತು. ಮೇಲೆ ಹೋಗಿ ಪುಸ್ತಕವನ್ನೇ ತಂದು ಅವಳ ಮುಂದಿಟ್ಟೆ.

"ನಂಗ್ ಓದಕ್ ಬರ್ತದಾ ಇದು? ನಾನ್ ಓದಿದ್ದು ಉರ್ದು ಸ್ಕೂಲು. ಕನ್ನಡ ಅಂದ್ರೆ ಬೋರ್ಡು, ಬಸ್ಸು, ಅಷ್ಟೇ."

ನಾನು ಬಸ್ಸಿನ ಪುಟ ತೆರೆದು ಬೆರಳಿಟ್ಟೆ. ಅವಳು ಕೈ ತೊಳೆದು, ಸೆರಗಿಗೆ ಒರಸಿಕೊಂಡು, ಶುರು ಮಾಡಿದಳು. ಮೊದಲ ದಿನ ಅರ್ಧ ಪುಟ. ಒತ್ತಕ್ಷರ ಬಂದಲ್ಲೆಲ್ಲ ನಿಂತು, "ಇದು ಸೂಜಿಗೆ ದಾರ ಪೋಣ್ಸಿದಂಗೆ ಅಕ್ಕ, ಎಂಜಲು ಹಚ್ಬೇಕು" ಎನ್ನುತ್ತಿದ್ದಳು. ತಪ್ಪಿದರೆ ನಾನು ಚಮಚದಿಂದ ತಟ್ಟೆಗೆ ಒಮ್ಮೆ ಬಡಿಯುತ್ತಿದ್ದೆ, ಅವಳು ಹಿಂದೆ ಹೋಗಿ ಮತ್ತೆ ಓದುತ್ತಿದ್ದಳು. ದಿನ ಕಳೆದಂತೆ ಚಮಚಕ್ಕೆ ಕೆಲಸ ಕಡಿಮೆಯಾಯಿತು, ಓದಿದ ಪುಟಗಳು ಹೆಚ್ಚಾದವು. ಒಮ್ಮೆ ಅವಳ ಗಂಡ ಲಾರಿ ನಿಲ್ಲಿಸಿ ಒಳಗೆ ಬಂದವನು, ಹೆಂಡತಿ ಗಟ್ಟಿಯಾಗಿ ಓದುತ್ತಿರುವುದನ್ನೂ ಮಹಡಿಯ ಟೀಚರಮ್ಮ ಬಾಯಿ ಮುಚ್ಚಿಕೊಂಡು ಅನ್ನ ಉಣ್ಣುತ್ತಿರುವುದನ್ನೂ ನೋಡಿ ಬಾಗಿಲಲ್ಲೇ ನಿಂತ. ಶಮೀಮ್ ತಲೆಯೆತ್ತದೆ ತಮ್ಮ ಭಾಷೆಯಲ್ಲಿ ಏನೋ ಹೇಳಿದಳು. ಅವನು ತಾನೇ ತಟ್ಟೆ ಹಾಕಿಕೊಂಡು ಮೂಲೆಯಲ್ಲಿ ಕೂತು, ಉಣ್ಣುತ್ತ ಕೇಳಿದ.

ಇನ್ನೊಬ್ಬರು ಓದುವುದನ್ನು ಕೇಳುತ್ತ ಉಣ್ಣುವುದು ನನಗೆ ಗೊತ್ತಿಲ್ಲದ ಸುಖವಾಗಿತ್ತು. ಕಥೆಯಲ್ಲಿ ಹುರುಳಿಕಟ್ಟಿನ ಸಾರು ಕುದಿಯುವಾಗ ಬಾಯಲ್ಲಿ ನಿಜವಾಗಿಯೂ ಏನಾದರೂ ಇರುತ್ತಿತ್ತು. ಹೊಟ್ಟೆ ಗುಡುಗಿದರೂ ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ.

ತಿಂಗಳು ಮುಗಿಯಿತು. ಅಕ್ಕನ ಜೊತೆ ಮತ್ತೆ ಶಿವಮೊಗ್ಗಕ್ಕೆ ಹೋದೆ. ಡಾಕ್ಟರು ಕ್ಯಾಮೆರಾ ಇಳಿಸಿ ಬಹಳ ಹೊತ್ತು ನೋಡಿದರು. ಅಕ್ಕ ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಗಂಟು ಕರಗಿದೆ, ಆಪರೇಷನ್ ಬೇಡ ಎಂದರು. "ಎಲ್ಲಿ, ಈಗ ಏನಾದ್ರೂ ಮಾತಾಡಿ."

ತಿಂಗಳಿಡೀ ಕೂಡಿಟ್ಟ ಮಾತು ಎಷ್ಟೋ ಇತ್ತು. ಒಂದೂ ನೆನಪಾಗಲಿಲ್ಲ. "ಏನ್ ಹೇಳ್ಲಿ?" ಎಂದೆ. ಅದೇ ನನ್ನ ಮೊದಲ ಮಾತಾಯಿತು.

ದನಿ ಬಂದಿತ್ತು, ಆದರೆ ಮೊದಲಿನದಲ್ಲ. ಸ್ವಲ್ಪ ತಗ್ಗಿ, ಸ್ವಲ್ಪ ಒರಟಾಗಿ, ಈಗಷ್ಟೇ ನೆಗಡಿ ಬಿಟ್ಟವಳ ದನಿ. ಅದು ಹಾಗೇ ಉಳಿಯಿತು. ಆ ಕಾದಂಬರಿಯನ್ನು ಬೇರೊಬ್ಬಳು ಓದಿದಳು. ನಾನು ಸ್ವಲ್ಪ ಕೇಳಿದ್ದೇನೆ, ಚೆನ್ನಾಗಿಯೇ ಓದಿದ್ದಾಳೆ. ನನಗೆ ಈಗ ನಾಯಕಿಯರ ಕಥೆಗಳು ಬರುವುದು ಕಡಿಮೆ. ಅಜ್ಜಿಯರು, ಅತ್ತೆಯರು, ಕಾಡಿನಲ್ಲಿ ಸಿಗುವ ಮುದುಕಿಯರು ಬರುತ್ತಾರೆ. ಹೊಟ್ಟೆಪಾಡಿಗೆ ಅಷ್ಟು ಮುದುಕಿಯರು ಸಾಕು.

ಶಿವಮೊಗ್ಗದಿಂದ ಬಂದ ಆ ಸಂಜೆ ನೇರ ಶಮೀಮಳ ಮನೆಗೆ ಹೋದೆ. ಕಾದಂಬರಿಯ ಕೊನೆಯ ಅಧ್ಯಾಯ ಒಂದೇ ಉಳಿದಿತ್ತು, ನಾನಿಲ್ಲದಾಗ ಅವಳು ಅದನ್ನು ಮುಟ್ಟಿರಲಿಲ್ಲ. ಖಿಚಡಿ, ಮತ್ತು ಇಷ್ಟು ದಿನ ಹುಳಿ ಖಾರ ಬೇಡವೆಂದು ದೂರವಿಟ್ಟಿದ್ದ ಹುಣಿಸೆಹುಳಿಯ ಖಟ್ಟಾ ಮಾಡಿಟ್ಟಿದ್ದಳು. ತಟ್ಟೆಯಿಂದ ಆವಿ ಏಳುತ್ತಿತ್ತು.

"ಪುಸ್ತಕ ಕೊಡು ಶಮೀಮ್, ಇವತ್ತು ನಾನೇ ಓದ್ತೀನಿ" ಎಂದೆ.

ಅವಳು ನನ್ನ ಮುಖ ನೋಡಿದಳು. "ದನಿ ಬೇರೆ ಆಗೈತಲ್ಲ ಅಕ್ಕ."

"ಹೂಂ."

"ಇರ್ಲಿ ಬಿಡಿ, ಇದೂ ಚೆನ್ನಾಗೈತೆ." ಪುಸ್ತಕವನ್ನು ಮಾತ್ರ ಮಡಿಲಿಗೆ ಎಳೆದುಕೊಂಡಳು. "ನೀವ್ ಬಿಸಿ ಇರೋವಾಗ್ಲೇ ಉಣ್ಣಿ. ನಾನ್ ಓದ್ತೀನಿ."

ನಾನು ಉಣ್ಣತೊಡಗಿದೆ. ಹುಳಿ ನಾಲಿಗೆಯ ಅಂಚಿಗೆ ತಾಗಿ ಕಣ್ಣಲ್ಲಿ ನೀರಾಡಿತು. ಅವಳು ಓದುತ್ತಿದ್ದಳು, ಬೆರಳನ್ನು ಸಾಲಿನ ಕೆಳಗೆ ಸರಿಸುತ್ತ, ಅವಸರವಿಲ್ಲದೆ. ಗಣಿಯ ಹೆಂಗಸು ಹುಡುಕಿ ಸೋತು ಗುಡ್ಡಕ್ಕೆ ಹಿಂತಿರುಗಿದ್ದಾಳೆ, ವರ್ಷಗಳಾಗಿವೆ. ಒಂದು ಮಧ್ಯಾಹ್ನ ಕೂಲಿಗಳ ಸಾಲಿನ ಕೊನೆಯಲ್ಲಿ, ಗಡ್ಡ ಬೆಳೆದ ಒಬ್ಬ ಗಂಡಸು ತಲೆ ತಗ್ಗಿಸಿ ಊಟಕ್ಕೆ ಕೂತಿದ್ದಾನೆ. ಅವಳು ಬಡಿಸುತ್ತ ಬಡಿಸುತ್ತ ಅವನ ಎಲೆಯ ಮುಂದೆ ಬಂದು ನಿಲ್ಲುತ್ತಾಳೆ.

ಪುಟ ಅಲ್ಲಿಗೆ ಮುಗಿದಿತ್ತು. ಶಮೀಮ್ ಮುಂದಿನ ಹಾಳೆಯ ತುದಿ ಹಿಡಿದು, ತಿರುಗಿಸದೆ ನನ್ನ ಕಡೆ ನೋಡಿದಳು.

"ಬಡಿಸ್ತಾಳೆ ಅಂತೀರಾ?"

ಉತ್ತರ ನನಗೆ ಗೊತ್ತಿತ್ತು. ಹೇಳುವ ದನಿಯೂ ಈಗ ಇತ್ತು.

"ಓದು" ಎಂದೆ.